ಚೌಕಳಿ ಷರಾಯಿಯ ಚರಿತ್ರೆ



ಅಂತರಸಂತೆಯೆಂಬ ಊರಿನ ಹೆಸರಿನಲ್ಲಿಯೇ ಸಂತೆಯುಂಟು. ಹೆಗ್ಗಡದೇವನಕೋಟೆಯಿಂದ ಕಾಕನಕೋಟೆಯ ಕಾಡಿನ ಕಡೆಗೂ, ಅಲ್ಲಿಂದ ವಯನಾಡಿಗೂ ಹೋಗುವ ಹಾದಿಯಲ್ಲಿ ಆ ಊರಿರುವುದು. ಇಂತಹ ಊರಿನ ದರ್ಜಿಯ ಮುಂದೆ ಯಾರಾದರೂ ಸ್ಕಾಟ್ಲೆಂಡಿನ ಉಣ್ಣೆಯ ಚೌಕಳಿ ಬಟ್ಟೆಯನ್ನಿಟ್ಟು, ಅಲ್ಲಿನ ಸಂಪ್ರದಾಯದಂತೆ ಒಂದು ಷರಾಯಿಯನ್ನು ಹೊಲಿದುಕೊಡಬೇಕೆಂದು ಕೇಳಿದರೆ, ಅದು ವಿಚಿತ್ರವಾದ ಬೇಡಿಕೆಯೆಂದೇ ತೋರಬಹುದು. ಆದರೆ ಆ ಬಟ್ಟೆಗೂ ನಮ್ಮ ಮೈಸೂರು ಸೀಮೆಗೂ ಇರುವ ಪರಿಚಯ ಇಂದಿನದಲ್ಲ. ಅದಕ್ಕೆ ಇನ್ನೂರು ವರ್ಷಗಳು ಮೀರಿದುವು. ಆ ಪರಿಚಯವಾದ ಬಗೆಯನ್ನು ನಾವು ಈಗ ವಿಚಾರಮಾಡೋಣ.

ಟಾರ್ಟನ್ ಎಂದು ಹೆಸರಾದ ಈ ಬಟ್ಟೆಯ ಗುಟ್ಟು ಅದರ ಎಳೆಗಳ ಲೆಕ್ಕದಲ್ಲಿದೆ. ಹಾಸಿನಲ್ಲಿ ಬಣ್ಣಬಣ್ಣದ ಎಳೆಗಳು ಯಾವ ಕ್ರಮದಲ್ಲಿ ಬರುವುವೋ, ಹೊಕ್ಕಿನಲ್ಲಿಯೂ ಅದೇ ಕ್ರಮದಲ್ಲಿ ಬರುವುವು. ಒಂದೇ ಬಣ್ಣದ ಹಾಸೂ ಹೊಕ್ಕೂ ಕೂಡಿದಲ್ಲಿ ಶುದ್ಧವಾದ ಬಣ್ಣವೂ, ಬೇರೆ ಬೇರೆ ಬಣ್ಣಗಳು ಕೂಡಿದಲ್ಲಿ ಮಿಶ್ರವರ್ಣವೂ ಕಾಣುವುವು. ನಾಲ್ಕು ಬಣ್ಣಗಳ ನೂಲಿನಿಂದ ಹೀಗೆ 10 ಛಾಯೆಗಳಾಗುವುವು. ಆರು ಬಣ್ಣಗಳಿಂದ 21. ಎರಡೆಳೆಯ ಮೇಲೆ, ಎರಡೆಳೆಯ ಕೆಳಗೆ ಹಾಯ್ದು ನೇಯುವುದರಿಂದ ಮೈಮೇಲೆ ಓರೆಯಾದ ಗೆರೆಗಳು ಮೂಡುವುವು. ಗಜೇಂದ್ರಗಡದ ಕಡೆಯ ಪಟ್ಟೆದಂಚಿನ ಸೀರೆಯನ್ನೂ, ಉಡುಪಿಯ ಚೌಕಳಿ ಸೀರೆಯನ್ನೂ ಕಂಡ ನಮ್ಮವರಿಗೆ ಚೌಕಳಿಯ ಸೊಗಸು ಹೊಸದಲ್ಲ. ನಮ್ಮದು ಹೆಚ್ಚಾಗಿ ಹತ್ತಿಯ ನೇಯ್ಗೆ, ಅವರದು ಉಣ್ಣೆಯದು. ಲೆಕ್ಕ ತಪ್ಪಬಾರದೆಂಬ ನೇಕಾರನ ಎಚ್ಚರಿಕೆ ಎರಡರಲ್ಲಿಯೂ ಒಂದೇ.

ಈ ಬಟ್ಟೆಯ ಕಥೆಯಲ್ಲಿ ಒಂದು ದುಃಖದ ಅಧ್ಯಾಯವಿದೆ. 1746ನೆಯ ಇಸವಿ ಏಪ್ರಿಲ್ 16ರಂದು ಕಲೋಡನ್ ರಣರಂಗದಲ್ಲಿ ಸ್ಟೂಅರ್ಟ್ ರಾಜಕುಮಾರನ ಪಕ್ಷ ಸೋತಿತು. ಅವನ ಪಕ್ಷವನ್ನು ಹಿಡಿದಿದ್ದ ಬೆಟ್ಟಸೀಮೆಯವರನ್ನು ಅಡಗಿಸಲು ಬ್ರಿಟಿಷ್ ಪಾರ್ಲಿಮೆಂಟು ಅದೇ ವರ್ಷ ಕಾಯಿದೆಯೊಂದನ್ನು ಮಾಡಿ, ಅವರ ಉಡುಪನ್ನೇ ನಿಷೇಧಿಸಿತು. ಹೊದಿಕೆ, ಮೊಣಕಾಲುದ್ದದ ಕಿಲ್ಟು, ಚೌಕಳಿ ಷರಾಯಿ ಇವೆಲ್ಲವನ್ನೂ ಹೆಸರು ಹಿಡಿದು ಅದರಲ್ಲಿ ಬರೆಯಲಾಗಿತ್ತು. ಮೊದಲನೆಯ ತಪ್ಪಿಗೆ ಆರು ತಿಂಗಳ ಸೆರೆ. ಎರಡನೆಯದಕ್ಕೆ ಏಳು ವರ್ಷಗಳ ಕಾಲ ಕಡಲಾಚೆಗೆ ಗಡೀಪಾರು. 1782ರಲ್ಲಿ ಈ ಕಾಯಿದೆ ರದ್ದಾಗುವ ವೇಳೆಗೆ ಒಂದು ತಲೆಮಾರೇ ಕಳೆದುಹೋಗಿತ್ತು. ಉಟ್ಟುಕೊಳ್ಳುವವರಿಲ್ಲದ ಬಟ್ಟೆಯನ್ನು ನೇಯುವವರಾರು? ನೇಯದ ಬಟ್ಟೆಯ ಹದವನ್ನು ಮಕ್ಕಳಿಗೆ ಕಲಿಸುವವರಾರು?

ಆದರೆ ಆ ಕಾಯಿದೆಯಲ್ಲಿ ಒಂದು ವಿನಾಯಿತಿಯಿತ್ತು. ದೊರೆಯ ಸೈನ್ಯಕ್ಕೆ ಸೇರಿದವನು ಮಾತ್ರ ಆ ಉಡುಪನ್ನು ತೊಡಬಹುದಾಗಿತ್ತು. ತನ್ನ ಮನೆಯ ಅಂಗಳದಲ್ಲಿ ತೊಟ್ಟರೆ ಅಪರಾಧವಾಗುತ್ತಿದ್ದುದು, ಪರದೇಶವನ್ನು ಗೆಲ್ಲಲು ತೊಟ್ಟಾಗ ಗೌರವವಾಗುತ್ತಿತ್ತು. ಈ ವಿಪರ್ಯಾಸವೇ ಚೌಕಳಿ ಬಟ್ಟೆಯನ್ನು ಕಾವೇರಿಯ ದಡಕ್ಕೆ ತಂದಿತು.

1777ರಲ್ಲಿ ನೆರೆದ ಮ್ಯಾಕ್ಲಿಯಡ್ಡನ ಬೆಟ್ಟಸೀಮೆಯ ದಳವು 1780ರಲ್ಲಿ ಮದರಾಸಿಗೆ ಬಂದಿಳಿಯಿತು. ಅದೇ ವರ್ಷ ಸೆಪ್ಟೆಂಬರ್ 10ರಂದು ಪೊಳಲೂರಿನಲ್ಲಿ ಹೈದರ್ ಅಲಿಯ ಮತ್ತು ಟೀಪುವಿನ ಸೈನ್ಯವು ಬೈಲಿಯೆಂಬ ಸೇನಾನಿಯ ಪಡೆಯನ್ನು ಮುರಿಯಿತು. ಆಗ ಸೆರೆಸಿಕ್ಕವರಲ್ಲಿ ಈ ದಳದ ಡೇವಿಡ್ ಬೇರ್ಡ್ ಎಂಬ ತರುಣ ಅಧಿಕಾರಿಯೂ ಒಬ್ಬನು. ಅವನು 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದನು. 1799ನೆಯ ಇಸವಿ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ನಡೆಯಿಸಿದವನೂ ಅವನೇ. ಅಂದು ಟೀಪು ಮಡಿದನು. ಆ ಯುದ್ಧದಲ್ಲಿ 73ನೆಯ, 74ನೆಯ ಬೆಟ್ಟಸೀಮೆಯ ದಳಗಳೂ ಸ್ಕಾಚ್ ಬ್ರಿಗೇಡೂ ಪಾಲುಗೊಂಡಿದ್ದುವು. ತಮ್ಮ ನಾಡಿನಲ್ಲಿ ಉಡುಪನ್ನೂ ಕಳೆದುಕೊಂಡ ಜನರ ಮಕ್ಕಳು ಇನ್ನೊಂದು ನಾಡಿನ ಸಿಂಹಾಸನವನ್ನುರುಳಿಸಲು ನೆರವಾದರು.

ಕತ್ತಿ ಹಿಡಿದವರ ಹಿಂದೆಯೇ ಲೇಖನಿ ಹಿಡಿದ ಸ್ಕಾಟರೂ ಬಂದರು. ಮೈಸೂರಿನ ಮೋಜಣಿಯನ್ನು ಮಾಡಿದ ಕಾಲಿನ್ ಮೆಕೆಂಜಿಯು ಲೂಯಿಸ್ ದ್ವೀಪದವನು. 1800ರಲ್ಲಿ ನಮ್ಮ ಸೀಮೆಯನ್ನು ಸುತ್ತಿ ಪಿರಿಯಾಪಟ್ಟಣದ ಕಡೆಗೂ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1762ರಲ್ಲಿ ಪರ್ತ್ ಸೀಮೆಯಲ್ಲಿ ಜನಿಸಿದವನು. ಅವನಿಗೆ 20 ವರ್ಷ ತುಂಬುವವರೆಗೂ ಅವನ ನಾಡಿನಲ್ಲಿ ಆ ಕಾಯಿದೆ ಜಾರಿಯಲ್ಲಿತ್ತು. ಅವನು ನಮ್ಮ ಬೆಳೆಗಳನ್ನೂ ಕುಲಕಸಬುಗಳನ್ನೂ ಮಗ್ಗಗಳನ್ನೂ ಬಣ್ಣಗಾರರನ್ನೂ ಕುರಿತು ವಿವರವಾಗಿ ಬರೆದಿಟ್ಟನು. ಆ ಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಇನ್ನು ಹೊಲಿಗೆಯ ಮಾತು. ಸೂಜಿಯ ಕಸಬು ನಮ್ಮಲ್ಲಿ ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೆಂಬವನಿದ್ದನು. ಚಿಪ್ಪಿಗರೆಂದೂ ಸಿಂಪಿಗರೆಂದೂ ದರ್ಜಿಗಳಿಗೆ ಹೆಸರುಂಟು. ದಂಡುಗಳು ನಮ್ಮ ನಾಡಿನಲ್ಲಿ ನೆಲಸಿದ ಮೇಲೆ ಈ ಸೀಮೆಯ ಕೈಗಳಿಗೆ ಹೊಸ ಕೆಲಸ ಬಂದಿತು. ಹುಣಸೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರದ ಚರ್ಮದ ಕಾರ್ಖಾನೆಯೂ ಕಂಬಳಿಯ ಕಾರ್ಖಾನೆಯೂ ಇದ್ದುವು. ಅವು ನಿಂತುಹೋದ ಮೇಲೆಯೂ ಅಲ್ಲಿ ಕಲಿತ ಕೆಲಸವನ್ನು ಊರಿನವರು ಬಿಡದೆ ಬೂಟು, ಚೀಲ, ಕಂಬಳಿಗಳನ್ನು ಮಾಡಿ ಹೆಸರು ಪಡೆದರು. ಕಾರ್ಖಾನೆಯನ್ನು ಮುಚ್ಚಬಹುದು, ಕೈಯ ವಿದ್ಯೆಯನ್ನು ಮುಚ್ಚಲಾಗದೆಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಸ್ಕಾಟರ ಷರಾಯಿಯನ್ನು ಹೊಲಿಯಬಲ್ಲ ದರ್ಜಿಯನ್ನು ಗುರುತಿಸುವುದು ಹೇಗೆ? ಕುದುರೆಯೇರುವವರಿಗೆ ಕಿಲ್ಟು ಒಗ್ಗದಾದುದರಿಂದ ಈ ಷರಾಯಿ ಬಳಕೆಗೆ ಬಂದಿತು. ಹಿಂದೆ ಅದನ್ನು ಓರೆಯಾಗಿ ಕತ್ತರಿಸುತ್ತಿದ್ದರು. ಓರೆಯಾದ ಬಟ್ಟೆ ಸ್ವಲ್ಪ ಹಿಗ್ಗುವುದರಿಂದ ಕಾಲಿಗೆ ಚೆನ್ನಾಗಿ ಒಪ್ಪುತ್ತಿತ್ತು. ಸೈನ್ಯದ ಮಾದರಿಯಲ್ಲಿ ಹೊರಮಗ್ಗುಲಿಗೆ ಹೊಲಿಗೆಯೇ ಇರದು. ಚೌಕಳಿಯು ತೊಡೆಯ ಸುತ್ತ ಮುರಿಯದೆ ಹರಿಯಬೇಕು. ಸೊಂಟವು ಎತ್ತರವಾಗಿದ್ದು, ಹಿಂಬದಿ ಮೇಲಕ್ಕೇರಿ, ಗ್ಯಾಲಿಸಿನಿಂದ ತೂಗುವುದು. ಎಡಗಾಲಿನ ಗೆರೆಗೆ ಬಲಗಾಲಿನ ಗೆರೆ ಸರಿಹೊಂದಬೇಕಾದರೆ ಬಟ್ಟೆ ಹೆಚ್ಚು ಬೇಕು, ತಾಳ್ಮೆ ಅದಕ್ಕಿಂತಲೂ ಹೆಚ್ಚು ಬೇಕು. ಆದುದರಿಂದ ಕೂಲಿಯನ್ನು ಕೇಳುವುದಕ್ಕೆ ಮೊದಲು ದರ್ಜಿಯು ಹೊಲಿದ ಚೌಕಳಿ ಅಂಗಿಯೊಂದನ್ನು ಕೇಳಿ ನೋಡತಕ್ಕುದು. ಜೇಬಿನ ಗೆರೆಯು ಎದೆಯ ಗೆರೆಯೊಡನೆ ಕೂಡಿದ್ದರೆ, ಅವನಿಗೆ ಲೆಕ್ಕ ಬರುವುದೆಂದು ತಿಳಿಯಬಹುದು. ಹಳೆಯ ಷರಾಯಿಯೊಂದು ಮಾದರಿಗೆ ದೊರೆತರೆ ಉತ್ತಮ. ಇಲ್ಲವಾದರೆ ಮೊದಲು ಅಗ್ಗದ ಬಟ್ಟೆಯಲ್ಲಿ ಒಂದನ್ನು ಹೊಲಿಸಿ, ತೊಟ್ಟು ನೋಡಿ, ಬಳಿಕ ಉಣ್ಣೆಗೆ ಕತ್ತರಿಯಿಡಿಸುವುದು ಜಾಣತನ.

ಸಿದ್ಧ ಉಡುಪುಗಳ ಈ ಕಾಲದಲ್ಲಿ ಅಳತೆ ಹಿಡಿದು ಹೊಲಿಯುವ ಅಂಗಡಿಗಳು ಊರೂರಿನಲ್ಲಿ ಕಡಿಮೆಯಾಗುತ್ತಿವೆ. ಸ್ಕಾಟ್ಲೆಂಡಿನಲ್ಲಿ ಕಾಯಿದೆ ಮಾಡಿದ ಕೆಲಸವನ್ನು ನಮ್ಮಲ್ಲಿ ಅಲಕ್ಷ್ಯವೇ ಮಾಡಿಬಿಡಬಹುದು. ಅಲ್ಲಿ ಚೌಕಳಿಯು ಮರಳಿ ಬಂದಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯು ಎಡಿನ್‌ಬರೋವಿಗೆ ಬಂದಾಗ ಅದನ್ನು ತಾನೇ ತೊಟ್ಟನು. ಆದರೆ ನಡುವೆ ಕಳೆದುಹೋದ ಹಳ್ಳಿಯ ಮಗ್ಗಗಳ ಎಷ್ಟೋ ಮಾದರಿಗಳು ಮರಳಿ ಬರಲಿಲ್ಲ. ಆದುದರಿಂದ, ಚೌಕಳಿ ಷರಾಯಿಯೇ ಆಗಲಿ, ನಿತ್ಯದ ಅಂಗಿಯೇ ಆಗಲಿ, ವರ್ಷಕ್ಕೊಂದನ್ನಾದರೂ ನೆರೆಯ ದರ್ಜಿಯ ಕೈಯಲ್ಲಿ ಹೊಲಿಸುವುದು ಒಳ್ಳೆಯದು. ತೊಡುವವರು ಇರುವ ತನಕ ಕತ್ತರಿಯ ವಿದ್ಯೆ ಇರುವುದು.