ಆಸ್ಪತ್ರೆಯಿಂದ ತರಗತಿಗೆ: ಹದಿಹರೆಯದವರ ಮನೋಆರೈಕೆಯ ಹಾದಿ

ಮಾಸೂರು ಸೇರಿದಂತೆ ಹಿರೇಕೆರೂರು ಸೀಮೆಯೆಲ್ಲ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ಮನೋರೋಗಕ್ಕೆ ಈ ಭಾಗದವರ ಹಳೆಯ ಸರ್ಕಾರಿ ನೆಲೆ ಧಾರವಾಡದ ಆಸ್ಪತ್ರೆ. ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಶುರುವಾದ ಅದು ತೀವ್ರ ಕಾಯಿಲೆಯವರನ್ನು ಇರಿಸುವ ಜಾಗವಾಗಿತ್ತು. ಪರೀಕ್ಷೆಯಲ್ಲಿ ನಪಾಸಾಗಿ ಊಟ ಬಿಟ್ಟ ಹುಡುಗನನ್ನು ಯಾರೂ ಅಲ್ಲಿಗೆ ಕರೆದೊಯ್ಯುತ್ತಿರಲಿಲ್ಲ. "ಮನಸ್ಸಿಗೆ ಹಚ್ಚಿಕೋಬ್ಯಾಡ" ಎಂಬ ಹಿರಿಯರ ಮಾತೇ ಅವನಿಗೆ ಸಿಗುತ್ತಿದ್ದ ಸಾಂತ್ವನ.

ಹಚ್ಚಿಕೊಳ್ಳದಿರುವುದು ಹೇಗೆ ಎಂಬುದಕ್ಕೆ ಮನಶ್ಶಾಸ್ತ್ರ ಉತ್ತರ ಹುಡುಕಿದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. ಖಿನ್ನರಾದವರ ಯೋಚನೆಯಲ್ಲಿ ಒಂದೇ ಬಗೆಯ ತಪ್ಪುಗಳು ಮರುಕಳಿಸುವುದನ್ನು 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಗುರುತಿಸಿದರು. ಒತ್ತಡ ಎದುರಿಸುವ ಎರಡು ದಾರಿಗಳನ್ನು 1984ರಲ್ಲಿ ಮನಶ್ಶಾಸ್ತ್ರಜ್ಞರಾದ ಲಜಾರಸ್ ಮತ್ತು ಫೋಕ್‌ಮನ್ ವಿವರಿಸಿದರು: ಸಮಸ್ಯೆಯನ್ನೇ ಬಗೆಹರಿಸುವುದು, ಅದು ಎಬ್ಬಿಸಿದ ಭಾವನೆಯನ್ನು ಸಂಭಾಳಿಸುವುದು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾದ ಹುಡುಗಿ "ನಾನು ಯಾತಕ್ಕೂ ಬಾರದವಳು" ಎಂದುಕೊಂಡು ಅದನ್ನೇ ಮೆಲುಕು ಹಾಕುತ್ತ ಗೆಳತಿಯರಿಂದ ದೂರವಾದರೆ ಸಂಕಟ ಬಲಿಯುತ್ತದೆ. "ಬೀಜಗಣಿತ ಕೈಕೊಟ್ಟಿತು" ಎಂದು ಕಂಡುಕೊಂಡು, ಅಳು ಬಂದರೆ ಅಕ್ಕನ ಬಳಿ ಹೇಳಿಕೊಂಡು, ಮತ್ತೆ ಪರೀಕ್ಷೆಗೆ ಕೂತರೆ ಹಗುರಾಗುತ್ತದೆ. ಆದರೆ ಮನೆಯ ಬಡತನ, ಹೊಡೆತದಂಥ ಕಷ್ಟಗಳನ್ನು ಮಕ್ಕಳು ಯೋಚನೆಯಿಂದಲೇ ನೀಗಲಾರರು. ಅಲ್ಲಿ ದೊಡ್ಡವರ ನೆರವು ಬೇಕೇ ಬೇಕು.

ಕರ್ನಾಟಕದಲ್ಲಿ ಈ ತಿಳಿವನ್ನು ಶಾಲೆಗೆ ತಂದದ್ದು 1974ರಲ್ಲಿ ರೂಪುಗೊಂಡ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪ್ರಚುರಪಡಿಸಿದ ಜೀವನ ಕೌಶಲಗಳನ್ನು ಹೈಸ್ಕೂಲಿಗೆ ಹೊಂದಿಸಿ, ಪಾಠ ಹೇಳುವ ಶಿಕ್ಷಕರನ್ನೇ ಅದು ತರಬೇತುಗೊಳಿಸಿತು. ಮಕ್ಕಳು ಗುಂಪಿನಲ್ಲಿ ಚರ್ಚಿಸಿ, ಪಾತ್ರ ವಹಿಸಿ ಕಲಿತರು. ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನ, ತರಬೇತಿ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿತು. ವರ್ಷದ ನಂತರ ಮೊದಲ ಗುಂಪಿನವರಲ್ಲಿ ಆತ್ಮಗೌರವ, ಕಷ್ಟ ಎದುರಿಸುವ ಭರವಸೆ, ಶಿಕ್ಷಕರೊಂದಿಗಿನ ಹೊಂದಾಣಿಕೆ ಹೆಚ್ಚಿದ್ದವು. ಮನೋರೋಗ ಲಕ್ಷಣಗಳಲ್ಲಿ ಮತ್ತು ಮನೆಯಲ್ಲಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ತರಗತಿಯ ಕಲಿಕೆ ಚಿಕಿತ್ಸೆಗೆ ಬದಲಿಯಲ್ಲ ಎಂಬುದು ಇದರಿಂದ ಸ್ಪಷ್ಟ.

ಚಿಕಿತ್ಸೆಯ ಅಗತ್ಯವೂ ಸಣ್ಣದಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಸುಮಾರು ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇತ್ತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ. ಮಾಸೂರಿನ ಹುಡುಗನಾಗಲಿ ಹುಡುಗಿಯಾಗಲಿ ಮೊದಲ ಮಾತಿಗಾಗಿ ಧಾರವಾಡದವರೆಗೆ ಹೋಗಬೇಕಾಗಿಲ್ಲ.