ಊರಿನಿಂದ ಬಂದ ಹಿರಿಯರಿಗೆ ಗುಜರಾತಿನಲ್ಲಿ ದೊರೆಯುವ ಸೇವೆಗಳು

ಅಹಮದಾಬಾದ್, ಬರೋಡಾ ಮತ್ತು ಸೂರತ್ ನಗರಗಳ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವು ನೌಕರಿಯ ನಿಮಿತ್ತ ಬಂದು ಇಲ್ಲಿಯೇ ನೆಲೆಸಿದಂಥವು. ಮಕ್ಕಳು ಗುಜರಾತಿಯನ್ನು ಚೆನ್ನಾಗಿ ಬಲ್ಲರು. ನಮಗೂ ವ್ಯವಹಾರಕ್ಕೆ ಸಾಕಾಗುವಷ್ಟು ಬರುತ್ತದೆ. ಕಷ್ಟವಾಗುವುದು ಊರಿನ ಮನೆಗೆ ಬೀಗ ಹಾಕಿ ನಮ್ಮೊಡನೆ ಇರಲು ಬಂದ ತಂದೆತಾಯಿಯರಿಗೆ. ಅವರಿಗೆ ಕನ್ನಡವೊಂದೇ ಗೊತ್ತು. ಕಾಗದಪತ್ರಗಳೆಲ್ಲ ಕರ್ನಾಟಕದ ವಿಳಾಸದಲ್ಲಿವೆ.

ಪರಿಚಯದ ಮನೆಯೊಂದರಲ್ಲಿ ವೃದ್ಧ ತಾಯಿಯೊಬ್ಬರು ಹಗಲು ಹೊತ್ತಿನಲ್ಲಿ ತಲೆ ತಿರುಗಿ ಬಿದ್ದರು. ಪಕ್ಕದಲ್ಲಿಯೇ ಇದ್ದ ಪತಿಗೆ ದೂರವಾಣಿಯಲ್ಲಿ ವಿಳಾಸ ಹೇಳಲು ಭಾಷೆ ಬರಲಿಲ್ಲ. ಮಗ ಕಚೇರಿಯಿಂದ ಬಂದು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅಮೂಲ್ಯವಾದ ಒಂದು ಗಂಟೆ ಕಳೆದಿತ್ತು. ಗುಜರಾತಿನಲ್ಲಿ 108 ಆಂಬುಲೆನ್ಸ್ ಸೇವೆ 2007ರ ಆಗಸ್ಟ್‌ನಿಂದಲೂ ಇದೆ, ಕರೆಯೂ ಉಚಿತ. ಆದರೆ ಕರೆ ಸ್ವೀಕರಿಸಿದವರಿಗೆ ನಮ್ಮ ಮಾತು ತಿಳಿಯಬೇಕಲ್ಲ! ಆದುದರಿಂದ ದೂರವಾಣಿಯ ಬಳಿ ದಪ್ಪ ಕನ್ನಡ ಅಕ್ಷರಗಳಲ್ಲಿ ಗುಜರಾತಿ ಮಾತನ್ನೇ ಬರೆದಿಡಿ: "ಆಂಬುಲೆನ್ಸ್ ಮೋಕಲೋ, ಸರನಾಮು ಲಖೋ" (ಆಂಬುಲೆನ್ಸ್ ಕಳುಹಿಸಿ, ವಿಳಾಸ ಬರೆದುಕೊಳ್ಳಿ). ಅದರ ಕೆಳಗೆ ಸೊಸೈಟಿಯ ಹೆಸರು, ಮನೆ ಸಂಖ್ಯೆ, ಹತ್ತಿರದ ಗುರುತು ಇರಲಿ. ಹಿರಿಯರಿಂದ ಎರಡು ಸಲ ಓದಿಸಿಯೂ ನೋಡಿ. ತುರ್ತಲ್ಲದ ವಿಚಾರಗಳಿಗೆ, ಅಂದರೆ ಪಿಂಚಣಿ, ಕಾನೂನು ಸಲಹೆ, ಹಿರಿಯರ ಮೇಲಿನ ದೌರ್ಜನ್ಯ ಇತ್ಯಾದಿಗಳಿಗೆ, 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಚಿಕಿತ್ಸೆಯ ವೆಚ್ಚದ ಮಾತಿಗೆ ಬಂದರೆ, 2024ರ ಅಕ್ಟೋಬರ್ 29ರಂದು ಆರಂಭವಾದ ಆಯುಷ್ಮಾನ್ ವಯ ವಂದನಾ ಕಾರ್ಡ್ ಬಹಳ ಉಪಯುಕ್ತ. 70 ವರ್ಷ ತುಂಬಿದವರು ಆದಾಯದ ಮಿತಿಯಿಲ್ಲದೆ ಇದನ್ನು ಪಡೆಯಬಹುದು. ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಉಚಿತ. ಪತಿ ಪತ್ನಿ ಇಬ್ಬರಿಗೂ ವಯಸ್ಸಾಗಿದ್ದರೆ ಈ ಮೊತ್ತವನ್ನು ಹಂಚಿಕೊಳ್ಳಬೇಕು. ಒಳರೋಗಿಯಾಗಿ ದಾಖಲಾದರೆ ಮಾತ್ರ ಇದು ಅನ್ವಯ, ತಿಂಗಳ ಮಾತ್ರೆಗಳಿಗೆ ಅಲ್ಲ. ಕೇಂದ್ರ ಸರ್ಕಾರದ ಅಥವಾ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಖಾಸಗಿ ವಿಮೆ ಇದ್ದವರಿಗೆ ಅಂಥ ನಿರ್ಬಂಧವಿಲ್ಲ. ವಿವರಗಳಿಗೆ 14555.

ಈ ಕಾರ್ಡಿಗೆ ಆಧಾರ್ ಆಧಾರಿತ ಪರಿಶೀಲನೆ ಕಡ್ಡಾಯ. ತೊಡಕು ಶುರುವಾಗುವುದು ಇಲ್ಲಿಯೇ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಊರಿನಲ್ಲಿ ಎಂದೋ ನಿಂತುಹೋಗಿರುತ್ತದೆ. ಹುಟ್ಟಿದ ವರ್ಷವನ್ನು ಅಂದಾಜಿನಲ್ಲಿ ಬರೆಸಿರುತ್ತಾರೆ. ಅದಕ್ಕಿಂತ ದೊಡ್ಡ ಗೊಂದಲ ಹೆಸರಿನದು. ಗುಜರಾತಿನ ಅರ್ಜಿಗಳಲ್ಲಿ "ಅಟಕ್" ಎಂದರೆ ಮನೆತನದ ಹೆಸರು, ನಡುವೆ ತಂದೆಯ ಅಥವಾ ಪತಿಯ ಹೆಸರು. ನಮ್ಮಲ್ಲಿ ಅನೇಕರಿಗೆ ಅಡ್ಡಹೆಸರೇ ಇಲ್ಲ. ಇರುವುದು ಇನಿಷಿಯಲ್, ಅದರಲ್ಲೊಂದು ಊರಿನದು. ಬ್ಯಾಂಕಿನ ಕೌಂಟರಿನಲ್ಲಿ ನಾನು ಕಂಡಂತೆ, ಒಬ್ಬರೇ ವ್ಯಕ್ತಿ ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಹೊತ್ತು ತಿರುಗುತ್ತಾರೆ. ಕಾಯಿಲೆ ಬರುವ ಮುನ್ನವೇ ಇವನ್ನು ಒಂದೇ ರೀತಿಗೆ ತಿದ್ದಿಸಿ. ವಿಳಾಸದ ದಾಖಲೆ ಇಲ್ಲದ ತಂದೆತಾಯಿಯರು, ಸಂಬಂಧವನ್ನು ತೋರಿಸುವ ದಾಖಲೆಯೊಂದಿಗೆ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇರೆಗೆ ಅವರ ವಿಳಾಸವನ್ನೇ ಸೇರಿಸಲು 2023ರಿಂದ ಅವಕಾಶವಿದೆ. ಆದಾಯ, ವಾಸ್ತವ್ಯ ಮುಂತಾದ ಪ್ರಮಾಣಪತ್ರಗಳಿಗೆ ಇಲ್ಲಿನ ಮಾಮಲತ್‌ದಾರ್ ಕಚೇರಿಯ ಜನಸೇವಾ ಕೇಂದ್ರಕ್ಕೆ ಹೋಗಬೇಕು. ನಮ್ಮ ತಹಶೀಲ್ದಾರರೇ ಇವರು. ಧಾರವಾಡ, ಬೆಳಗಾವಿ ಕಡೆಯ ಹಿರಿಯರಿಗೆ "ಮಾಮಲೇದಾರ" ಎಂದರೆ ತಕ್ಷಣ ಅರ್ಥವಾದೀತು.

ಪಿಂಚಣಿದಾರರು ನವೆಂಬರಿನಲ್ಲಿ ಜೀವನ ಪ್ರಮಾಣಪತ್ರಕ್ಕೆಂದೇ ಊರಿಗೆ ಹೋಗಬೇಕಿಲ್ಲ. ಪಿಂಚಣಿ ಕೊಡುವ ಇಲಾಖೆ "ಜೀವನ್ ಪ್ರಮಾಣ್" ವ್ಯವಸ್ಥೆಗೆ ಸೇರಿದ್ದರೆ ಮನೆಯಿಂದಲೇ ಸಲ್ಲಿಸಬಹುದು. ಬೆರಳಚ್ಚು ಸವೆದವರಿಗೆ ಮುಖ ಗುರುತಿಸುವ ವಿಧಾನ 2021ರಿಂದ ಇದೆ.

ಇನ್ನು, ನಮ್ಮ ಕಡೆಯ ಹೋಟೆಲುಗಳ ಅಡಿಗೆಯವರು, ಕಟ್ಟಡ ಕೆಲಸದವರು ಎದುರಾದರೆ ಒಂದು ಮಾತು ತಿಳಿಸಿ. ಕರ್ನಾಟಕ, ಗುಜರಾತ್ ಎರಡೂ 2020ರ ಜನವರಿಯಿಂದ ಏಕ ಪಡಿತರ ಚೀಟಿ ವ್ಯವಸ್ಥೆಯಲ್ಲಿವೆ. ಆಹಾರ ಭದ್ರತಾ ಕಾಯ್ದೆಯಡಿ ಬರುವ ಕರ್ನಾಟಕದ ಚೀಟಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಸಿಗುತ್ತದೆ. ಕರ್ನಾಟಕ ಸರ್ಕಾರ ತನ್ನ ವೆಚ್ಚದಲ್ಲಿ ಕೊಡುವ ಹೆಚ್ಚುವರಿ ಪಾಲು ಮಾತ್ರ ಇಲ್ಲಿ ದೊರೆಯದು.