ರೋಸಿನ ಹಾಡು ಉಳಿದು ಬಂದ ದಾರಿ

ಮದುವೆಯ ಹಿಂದಿನ ಸಂಜೆ. ಅಂಗಳದ ಚಪ್ಪರದಲ್ಲಿ ಮದುಮಗಳನ್ನು ಕುಳ್ಳಿರಿಸಿ, ಶಿಲುಬೆಯ ಗುರುತು ಹಾಕಿ, ಹಿರಿಯರು ಒಬ್ಬೊಬ್ಬರಾಗಿ ತಲೆಗೆ ತೆಂಗಿನಹಾಲು ಸವರುತ್ತಾರೆ. ಹಾಡು ಬಲ್ಲ ಹಿರಿಯಾಕೆ ವೊವಿಯೊ ಎತ್ತಿಕೊಡುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರ ರೋಸ್ ಇದು. ಒಂದು ಕಾಲದಲ್ಲಿ ಈ ಹಾಡು ಹಾಡುವುದೇ ಅಪರಾಧವಾಗಿತ್ತು ಎಂದರೆ ಇಂದಿನವರು ನಂಬಲಾರರು.

ಆದರೆ ಚರಿತ್ರೆ ಇರುವುದು ಹಾಗೆಯೇ. ಗೋವೆಯಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. 1684ರಲ್ಲಿ ಪೋರ್ಚುಗೀಸ್ ವೈಸರಾಯ್, ಮೂರು ವರ್ಷಗಳೊಳಗೆ ಜನರು ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತನಾಡಬೇಕೆಂದು ಆಜ್ಞೆ ಹೊರಡಿಸಿದನು. 1736ರ ಶಾಸನವಂತೂ ಮನೆಯೊಳಕ್ಕೇ ಬಂತು. ಮದುವೆಯಲ್ಲಿ ವೊವಿಯೊ ಹಾಡಬಾರದು, ಅರಿಶಿನ ಎಣ್ಣೆ ಹಚ್ಚಬಾರದು, ಹಳೆಯ ವಾದ್ಯ ನುಡಿಸಬಾರದು! ಇದನ್ನೆಲ್ಲ ಮಾಡಿದವರು ಧರ್ಮಸಭೆಯ ಹೆಸರಿನಲ್ಲೇ ಮಾಡಿದರು. ನಾವು ಇದನ್ನು ಮರೆಮಾಚಬೇಕಾಗಿಲ್ಲ.

ಬರಗಾಲ, ಮರಾಠರ ದಾಳಿ, ತೆರಿಗೆ, ವಿಚಾರಣೆಯ ಭಯ – ಹೀಗೆ ನಾನಾ ಕಾರಣಗಳಿಂದ ದಕ್ಷಿಣಕ್ಕೆ ಬಂದ ಕುಟುಂಬಗಳಿಗೆ ಕೆಳದಿ ಅರಸರ ನಾಡಿನಲ್ಲಿ ನೆಲೆ ಸಿಕ್ಕಿತು. ಹಾಡುಗಳೂ ಅವರೊಡನೆ ಬಂದವು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಇವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಮನೆ, ಗದ್ದೆ, ದೇವಾಲಯ ಎಲ್ಲವೂ ಹೋದವು. 1799ರ ನಂತರ ಹಿಂತಿರುಗಿದವರ ಬಳಿ ಉಳಿದದ್ದು ನೆನಪಿನಲ್ಲಿದ್ದದ್ದು ಮಾತ್ರ. ಬಹುಪಾಲು ಅದು ಹೆಂಗಸರ ನೆನಪು.

ಹಾಡಿನ ಜೊತೆಗಾರ ಗುಮಟೆ. ಎರಡು ಬಾಯಿಯ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಚಿಕ್ಕ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆಯುತ್ತ ನಾದವನ್ನು ಏರಿಳಿಸುತ್ತಾರೆ. ಹಿಂದೆ ಬಿಗಿಯುತ್ತಿದ್ದದ್ದು ಉಡದ ಚರ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಉಡವನ್ನು ಕೊಲ್ಲುವಂತಿಲ್ಲ. ಅದು ಸರಿಯೂ ಹೌದು. ಈಗ ಮೇಕೆಯ ಚರ್ಮ ಬಳಸುತ್ತಾರೆ. ನಾದ ಮೊದಲಿನಂತಿಲ್ಲ ಎಂದು ಹಳಬರು ಗೊಣಗುವುದುಂಟು. ಆದರೂ ಗುಮಟೆ ಸಾಯಲಿಲ್ಲ. ಗೋವಾ ಸರ್ಕಾರ 2019ರಲ್ಲಿ ಇದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು.

1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿ ಕುರಿತ ತನ್ನ ಸಂವಿಧಾನದಲ್ಲಿ ಆಯಾ ಜನರ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದು ಹೇಳಿತು. 1736ರಿಂದ ಎಣಿಸಿದರೆ 227 ವರ್ಷ! ಮುಂದೆ 1986ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆ ಹಾಡು, ಕುಣಿತ, ವಾದ್ಯಗಳನ್ನು ಹುಡುಕಿ ವೇದಿಕೆಗೆ ತಂದಿತು. 2008ರ ಜನವರಿಯಲ್ಲಿ ಅದು ನಲವತ್ತು ಗಂಟೆ ಎಡೆಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು.

ವೇದಿಕೆ ಬೇಕು, ನಿಜ. ಆದರೆ ರೋಸ್ ವೇದಿಕೆಯದಲ್ಲ, ಅಂಗಳದ್ದು. ಇಂದು ಅದು ಸಭಾಭವನಕ್ಕೆ ಹೋಗಿದೆ. ಅರ್ಧ ಗಂಟೆಯಲ್ಲಿ ತೆಂಗಿನಹಾಲು ಮುಗಿಸಿ ಡಿಜೆಗೆ ದಾರಿ ಬಿಡುತ್ತಾರೆ. ಈಚೆಗೆ ಒಂದು ರೋಸಿನಲ್ಲಿ ವೃದ್ಧೆಯೊಬ್ಬರ ಕೈಗೆ ಮೈಕು ಕೊಟ್ಟರು. ಅವರು ಎರಡು ಸಾಲು ಹಾಡಿ ನಿಲ್ಲಿಸಿದರು. ಮರೆತಿರಬೇಕೆಂದು ನಾವು ಅಂದುಕೊಂಡೆವು. ಅವರು ಮೈಕನ್ನು ಪಕ್ಕಕ್ಕಿಟ್ಟು, "ಮೂರನೆಯ ಸಾಲಿಗೆ ದನಿಗೂಡಿಸುವವರು ಯಾರಿದ್ದೀರಿ ಮಕ್ಕಳೇ?" ಎಂದು ಕೇಳಿದರು.